ಅಮ್ಮನ ಲೆಕ್ಕದ ಪುಸ್ತಕ ರದ್ದಿಗೆ ಹಾಕಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲಿರುವ ಹಳೆ ಡೈರಿ, ಕಾಗದ, ಫೋಟೊಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅಪ್ಪ, ತಾತಂದಿರ ಬಗ್ಗೆ ಜಾಸ್ತಿ ಬರಬಹುದು ಅಂದುಕೊಂಡಿದ್ದರೆ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಅಮ್ಮ, ಅಜ್ಜಿ, ಅತ್ತೆಯರ ಬಗ್ಗೆಯೇ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಹಾಕಿಲ್ಲ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇವೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಮ್ಮ ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಒಂದು ಕಟ್ಟು ನೋಟ್‌ಬುಕ್ ಸಿಕ್ಕಿತು. ಆಸೆಯಿಂದ ಬಿಚ್ಚಿ ನೋಡಿದರೆ ಬರೀ ಲೆಕ್ಕ. ಇವತ್ತು ಇಷ್ಟು ಖರ್ಚು, ಇಂಥವರಿಗೆ ಕೊಟ್ಟ ಸಾಲ, ಯಾವ ಮಗುವಿಗೆ ಯಾವತ್ತು ಜ್ವರ, ಯಾರು ಬಂದು ಹೋದರು. ಮನಸ್ಸಿನ ಮಾತು ಅಂತ ಒಂದೂ ಇಲ್ಲ. ರದ್ದಿಗೆ ಹಾಕು ಅಂತಾನೆ ಅಣ್ಣ. ಏನು ಮಾಡಲಿ?

ಉತ್ತರ: ಹಾಕಬೇಡಿ. ಅಣ್ಣನನ್ನು ಕೂರಿಸಿಕೊಂಡು ಈ ಉತ್ತರ ಓದಿ ಹೇಳಿ.

ಅಮೆರಿಕದ ಮೇನ್ ಪ್ರಾಂತ್ಯದ ಹ್ಯಾಲೋವೆಲ್ ಎಂಬ ಊರಿನಲ್ಲಿ ಮಾರ್ಥಾ ಬಲ್ಲಾರ್ಡ್ ಅಂತ ಒಬ್ಬರು ಸೂಲಗಿತ್ತಿ ಇದ್ದರು. 1785ರಿಂದ 1812ರವರೆಗೆ, ಇಪ್ಪತ್ತೇಳು ವರ್ಷ, ಹೆಚ್ಚುಕಡಿಮೆ ದಿನಾ ಡೈರಿ ಬರೆದರು. ಏನಿದೆ ಅದರಲ್ಲಿ? ಬೆಳಿಗ್ಗೆ ಮಳೆ. ಇಂಥವರ ಮನೆಗೆ ಕರೆ ಬಂತು. ಇಷ್ಟು ಹೊತ್ತಿಗೆ ಹೆರಿಗೆ ಆಯಿತು, ಹೆಣ್ಣು ಮಗು. ಕೂಲಿ ಇಷ್ಟು. ಕೂಲಿ ಕೈಗೆ ಬಂದರೆ ಪಕ್ಕದಲ್ಲಿ ಒಂದು ಗುರುತು. ಮನೆಯಲ್ಲಿ ಹುಡುಗಿಯರು ನೇಯ್ಗೆ ಮಾಡಿದರು. ಮಾರನೇ ದಿನ ಮತ್ತೆ ಮಳೆ. ಹಿಂದಿನ ಚರಿತ್ರೆಕಾರರು ಇದನ್ನು ತಿರುವಿ ಹಾಕಿ, ಅಯ್ಯೋ ಇದರಲ್ಲೇನಿದೆ, ಸಣ್ಣಪುಟ್ಟ ವಿಷಯ ಎಂದು ಬದಿಗಿಟ್ಟಿದ್ದರು. ಲಾರೆಲ್ ಥ್ಯಾಚರ್ ಉಲ್ರಿಚ್ ಎಂಬ ಚರಿತ್ರೆಕಾರ್ತಿ ಮಾತ್ರ ಅದನ್ನು ಸಾಲು ಸಾಲು ಓದಿದರು, ಎಣಿಸಿದರು, ಊರಿನ ಬೇರೆ ದಾಖಲೆಗಳ ಜೊತೆ ಇಟ್ಟು ನೋಡಿದರು. ಅದರಿಂದ 1990ರಲ್ಲಿ ಒಂದು ಪುಸ್ತಕ ಬಂತು, ಮರುವರ್ಷವೇ ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು.

ಎಣಿಸಿದ್ದರಿಂದ ಏನು ಸಿಕ್ಕಿತು ಗೊತ್ತಾ? 816 ಹೆರಿಗೆಗಳು. ಆ ಕಾಲದಲ್ಲಿ ಹೆರಿಗೆ ಅಂದರೆ ಸಾವಿನ ಬಾಗಿಲು ಎಂದು ಎಲ್ಲರೂ ಅಂದುಕೊಂಡಿದ್ದರೆ, ಈಕೆಯ ಕೈಯಲ್ಲಿ ತಾಯಿ ಸತ್ತಿದ್ದು ತೀರಾ ಅಪರೂಪ. ಗಂಡಂದಿರ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣದ ಹೆಂಗಸರ ವ್ಯವಹಾರವೂ ಇಲ್ಲಿದೆ, ಯಾರ ಮಗಳು ಯಾರ ಮನೆಯಲ್ಲಿ ಕೆಲಸಕ್ಕಿದ್ದಳು, ಯಾರು ಯಾರಿಗೆ ನೂಲು ಕೊಟ್ಟು ಏನು ತಗೊಂಡರು ಅಂತೆಲ್ಲ. ಮದುವೆಯಾಗದ ಹುಡುಗಿಗೆ ಹೆರಿಗೆಯಾಗುವಾಗ ತಂದೆ ಯಾರು ಎಂದು ಸೂಲಗಿತ್ತಿ ಕೇಳಬೇಕಿತ್ತು, ನೋವಿನಲ್ಲಿ ಹೇಳಿದ್ದು ಸುಳ್ಳಾಗಲ್ಲ ಅನ್ನೋದು ಆಗಿನ ಕಾನೂನಿನ ನಂಬಿಕೆ. 1791ರಲ್ಲಿ ಹಾಗೆ ಕೇಳಿದಾಗ ಹುಡುಗಿ ಹೇಳಿದ ಹೆಸರು ಮಾರ್ಥಾ ಅವರ ಸ್ವಂತ ಮಗನದು. ಡೈರಿಯಲ್ಲಿ ಅದೂ ಮಿಕ್ಕ ದಿನಗಳ ಹಾಗೇ ಒಂದು ಸಾಲು. ಬೈಗುಳ ಇಲ್ಲ, ಅಳು ಇಲ್ಲ. ಕೆಲವು ತಿಂಗಳಿಗೆ ಅವರಿಬ್ಬರ ಮದುವೆ ಆಯಿತು ಅನ್ನೋದು ಇನ್ನೊಂದು ಸಾಲು.

ಈಗ ನಿಮ್ಮ ಅಮ್ಮನ ನೋಟ್‌ಬುಕ್‌ಗೆ ಬನ್ನಿ. ಮನಸ್ಸಿನ ಮಾತು ಇಲ್ಲ ಅಂತೀರಿ. ಎಲ್ಲಿ ಅಕ್ಷರ ಅವಸರವಾಗಿದೆ ನೋಡಿ. ಯಾವ ವಾರಗಳಲ್ಲಿ ಏನೂ ಬರೆದಿಲ್ಲ, ಆಗ ಮನೆಯಲ್ಲಿ ಏನಾಗಿತ್ತು? ನೀವು ಹುಟ್ಟಿದ ತಿಂಗಳಲ್ಲಿ ಲೆಕ್ಕ ಯಾರ ಕೈಬರಹದಲ್ಲಿದೆ? ಅಮ್ಮನಿಂದ ಸಾಲ ಪಡೆದವರ ಪಟ್ಟಿಯಲ್ಲಿ ಹೆಂಗಸರ ಹೆಸರು ಎಷ್ಟಿದೆ? ಅಪ್ಪನಿಗೆ ಅದೆಲ್ಲ ಗೊತ್ತಿತ್ತಾ? ಅಮ್ಮ ಖರ್ಚನ್ನು ಎರಡು ಕಡೆ ಎರಡು ತರಹ ಬರೆದಿದ್ದರೆ ಅಂತೂ ನಿಮಗೆ ಚಿನ್ನ ಸಿಕ್ಕಿದೆ ಅಂತಲೇ ಲೆಕ್ಕ.

ಒಂದೇ ಮಾತು, ಕಟ್ಟನ್ನು ಬಿಚ್ಚಿ ನಿಮ್ಮ ಇಷ್ಟದ ಪ್ರಕಾರ ಜೋಡಿಸಬೇಡಿ. ಅಮ್ಮ ಇಟ್ಟ ಕ್ರಮದಲ್ಲೇ ಇರಲಿ. ಪುಟಗಳ ಮಧ್ಯೆ ಚೀಟಿ, ರಸೀದಿ ಇದ್ದರೆ ಯಾವ ಪುಟದಲ್ಲಿತ್ತು ಎಂದು ಬರೆದುಕೊಳ್ಳದೆ ತೆಗೀಬೇಡಿ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪು ಇದ್ದರೆ ಮಾತ್ರ ನಿಧಾನವಾಗಿ ತೆಗೆದುಬಿಡಿ.

ಪ್ರಶ್ನೆ: ಅಪ್ಪ ಕೆಲಸದ ಮೇಲೆ ದೂರದ ಊರಿನಲ್ಲಿದ್ದಾಗ ಅಮ್ಮನಿಗೆ ಬರೆದ ಕಾಗದಗಳೆಲ್ಲ ಇವೆ. ಅಮ್ಮ ಬರೆದ ಉತ್ತರ ಒಂದೂ ಇಲ್ಲ. ಅಮ್ಮನ ಕಥೆ ಬರೆಯಬೇಕು ಅಂತಿದ್ದೇನೆ, ಅರ್ಧ ಮಾತ್ರ ಇಟ್ಟುಕೊಂಡು ಹೇಗೆ?

ಉತ್ತರ: ಅಮ್ಮ ಅಪ್ಪನ ಕಾಗದಗಳನ್ನು ಕಟ್ಟಿಟ್ಟರು, ಅಪ್ಪ ಅಮ್ಮನದನ್ನು ಇಡಲಿಲ್ಲ. ನಿಮ್ಮ ಮನೆಯದಷ್ಟೇ ಕಥೆ ಅಲ್ಲ ಇದು. ಅಮೆರಿಕದ ರಾಜಕಾರಣಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಗೊತ್ತಲ್ಲ, ಅವರ ತಂಗಿ ಜೇನ್. ಹದಿನೈದಕ್ಕೇ ಮದುವೆ, 12 ಮಕ್ಕಳು. ಅಣ್ಣ ಬೇರೆ ಯಾರಿಗೂ ಬರೆಯದಷ್ಟು ಕಾಗದಗಳನ್ನು ಈ ತಂಗಿಗೆ ಬರೆದಿದ್ದಾರೆ. ಆಕೆ ಬರೆದವುಗಳಲ್ಲಿ ನಲವತ್ತು ದಾಟುವವರೆಗಿನ ಒಂದೂ ಉಳಿದಿಲ್ಲ. ಆದರೆ ಆಕೆಯೇ ಹಾಳೆ ಮಡಿಸಿ ದಾರದಲ್ಲಿ ಹೊಲಿದುಕೊಂಡ ಒಂದು ಪುಟ್ಟ ಪುಸ್ತಕ ಉಳಿದಿದೆ. ಮಕ್ಕಳು ಹುಟ್ಟಿದ ದಿನ, ಸತ್ತ ದಿನ, ಅಷ್ಟೇ ಅದರಲ್ಲಿರೋದು. ಹನ್ನೆರಡರಲ್ಲಿ ಹನ್ನೊಂದು ಮಕ್ಕಳು ತಾಯಿಗಿಂತ ಮುಂಚೆ ಹೋದರು.

ನಿಮ್ಮ ಅಪ್ಪನ ಕಾಗದಗಳನ್ನು ಅಮ್ಮನ ಕಾಗದಗಳು ಅಂತಲೇ ಓದಿ. "ನೀನು ಕೇಳಿದ್ದೀಯಲ್ಲ", "ಆ ವಿಷಯ ಮತ್ತೆ ಎತ್ತಬೇಡ", "ಮಗುವಿಗೆ ವಾಸಿಯಾಯಿತೆಂದು ತಿಳಿದು" ಎನ್ನುವಂಥ ಸಾಲುಗಳನ್ನು ಒಂದು ಹಾಳೆಯಲ್ಲಿ ತಾರೀಖಿನ ಸಮೇತ ಬೇರೆಯಾಗಿ ಬರೆದುಕೊಳ್ಳಿ. ಅಮ್ಮ ಏನು ಕೇಳಿದ್ದರು, ಎಷ್ಟು ಸಲ ಕೇಳಿದ್ದರು, ಯಾವುದಕ್ಕೆ ಉತ್ತರವೇ ಬರಲಿಲ್ಲ ಅನ್ನೋದು ತಾನಾಗಿ ಕಾಣುತ್ತೆ. ಅಮ್ಮ ತನ್ನ ತವರಿಗೆ, ಅಕ್ಕತಂಗಿಯರಿಗೆ, ಗೆಳತಿಯರಿಗೆ ಬರೆದಿದ್ದು ಎಲ್ಲಾದರೂ ಇದೆಯಾ ಕೇಳಿ ನೋಡಿ. ಹೆಂಗಸರ ಕಾಗದ ಇಟ್ಟುಕೊಂಡಿರುವವರು ಹೆಚ್ಚಾಗಿ ಹೆಂಗಸರೇ. ಸಿಗದಿದ್ದರೆ ಊಹೆ ಮಾಡಿ ತುಂಬಬೇಡಿ. ಇಲ್ಲಿ ಅಮ್ಮನ ಉತ್ತರ ಉಳಿದಿಲ್ಲ ಎಂದು ಬರೆದು ಮುಂದೆ ಹೋಗಿ.

ಪ್ರಶ್ನೆ: ನಮ್ಮ ಆಲ್ಬಮ್‌ನಲ್ಲಿ ಎಲ್ಲರೂ ಇದ್ದಾರೆ, ಅಮ್ಮ ಮಾತ್ರ ಕಾಣಲ್ಲ. ಯಾಕಿರಬಹುದು?

ಉತ್ತರ: ಮೊದಲು ಫೋಟೊ ತೆಗೆದವರು ಯಾರು ವಿಚಾರಿಸಿ, ಎಷ್ಟೋ ಮನೆಗಳಲ್ಲಿ ಅವರೇ ಅಮ್ಮ. ಆಮೇಲೆ ಫೋಟೊದ ಅಂಚು ನೋಡಿ. ಮಗುವನ್ನು ಹಿಡಿದ ಒಂದು ಕೈ, ನೆಲದ ಮೇಲೆ ಬಿದ್ದ ನೆರಳು, ಕನ್ನಡಿಯಲ್ಲಿ ಯಾರೋ. 19ನೇ ಶತಮಾನದಲ್ಲಿ ಕ್ಯಾಮೆರಾ ಮುಂದೆ ಸೆಕೆಂಡುಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ಪಶ್ಚಿಮದ ಸ್ಟುಡಿಯೋಗಳಲ್ಲಿ ತಾಯಿಯ ತಲೆಯ ಮೇಲಿಂದ ಬಟ್ಟೆ ಹೊದಿಸಿ, ಕುರ್ಚಿ ಥರ ಮಾಡಿ, ಆಕೆಯ ತೊಡೆಯ ಮೇಲೆ ಮಗುವನ್ನು ಕೂರಿಸಿ ತೆಗೆಯುತ್ತಿದ್ದರು. ಫ್ರೇಮು ಹಾಕಿದರೆ ಮಗು ಮಾತ್ರ ಕಾಣುತ್ತಿತ್ತು. ಈಗ ಸಂಗ್ರಹಕಾರರು ಅಂಥ ಫೋಟೊಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಸ್ಕ್ಯಾನ್ ಮಾಡುವಾಗ ಅಂದವಾಗಿ ಕಾಣಲಿ ಅಂತ ಅಂಚು ಕತ್ತರಿಸಬೇಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.

ಪ್ರಶ್ನೆ: ಹಿಂದಿನ ಕಾಲದಲ್ಲಿ ಮಕ್ಕಳು ಅಷ್ಟೊಂದು ಸಾಯುತ್ತಿದ್ದರಿಂದ ತಾಯಂದಿರು ಜಾಸ್ತಿ ಹಚ್ಚಿಕೊಳ್ಳುತ್ತಿರಲಿಲ್ಲ ಎಂದು ಎಲ್ಲೋ ಓದಿದೆ. ನಮ್ಮ ಅಜ್ಜಿಯ ಡೈರಿಯಲ್ಲೂ ತೀರಿಕೊಂಡ ಮಗುವಿನ ಬಗ್ಗೆ ಒಂದೇ ಒಂದು ಸಾಲಿದೆ, ಮರುದಿನದಿಂದ ಮಾಮೂಲಿ. ಓದಿ ಮನಸ್ಸಿಗೆ ಒಂಥರಾ ಆಯ್ತು. ನಿಜವಾಗಲೂ ಹಾಗೇನಾ?

ಉತ್ತರ: ಆ ಮಾತಿಗೆ ಒಂದು ಮೂಲ ಇದೆ. 1960ರಲ್ಲಿ ಫ್ರಾನ್ಸಿನ ಫಿಲಿಪ್ ಆರಿಯೆಸ್ ಅನ್ನೋ ಚರಿತ್ರೆಕಾರರು, ಬಾಲ್ಯ ಅನ್ನುವ ಕಲ್ಪನೆಯೇ ಮಧ್ಯಯುಗದ ಯೂರೋಪಿನಲ್ಲಿ ಇರಲಿಲ್ಲ ಎಂದು ವಾದಿಸಿದರು. ಅವರು ಜಾಸ್ತಿ ನೆಚ್ಚಿಕೊಂಡಿದ್ದು ಚಿತ್ರಗಳನ್ನು, ಉಡುಪನ್ನು, ಶಾಲೆಗಳ ಚರಿತ್ರೆಯನ್ನು. 1977ರಲ್ಲಿ ಲಾರೆನ್ಸ್ ಸ್ಟೋನ್ ಎಂಬ ಇನ್ನೊಬ್ಬ ಚರಿತ್ರೆಕಾರರು ಇನ್ನೂ ಮುಂದೆ ಹೋಗಿ, ಸಾವು ಅಷ್ಟಿದ್ದಾಗ ಮಕ್ಕಳ ಮೇಲೆ ಮನಸ್ಸಿಡುವುದು ಕಷ್ಟವಿತ್ತು ಎಂಬರ್ಥದಲ್ಲಿ ಬರೆದರು. ಕೇಳೋಕೆ ಸರಿ ಅನಿಸುತ್ತೆ, ಅಲ್ವಾ? ಆದರೆ 1983ರಲ್ಲಿ ಲಿಂಡಾ ಪೊಲಾಕ್ ಅನ್ನುವವರು ಒಂದು ಸರಳವಾದ ಕೆಲಸ ಮಾಡಿದರು. 1500ರಿಂದ 1900ರವರೆಗಿನ ಬ್ರಿಟನ್ ಮತ್ತು ಅಮೆರಿಕದ ಸುಮಾರು 500 ಡೈರಿ, ಆತ್ಮಕಥೆಗಳನ್ನು ಹಿಡಿದು ಕೂತು ಓದಿದರು. ಅಲ್ಲಿ ರಾತ್ರಿಯಿಡೀ ಕಾಯಿಲೆಯ ಮಗುವಿನ ಹತ್ತಿರ ಕೂತ ಅಪ್ಪ ಅಮ್ಮಂದಿರಿದ್ದರು. ಹಲ್ಲು ಬಂದಿದ್ದು, ಹಾಲು ಬಿಡಿಸಿದ್ದು, ಹಟ ಮಾಡಿದ್ದು ಎಲ್ಲ ಇತ್ತು. ಮಗು ಹೋದಾಗಿನ ಸಂಕಟವೂ ಇತ್ತು. ಚಿತ್ರ ನೋಡಿದವರಿಗೆ ಒಂದು ಕಂಡಿತು, ಡೈರಿ ಓದಿದವರಿಗೆ ಇನ್ನೊಂದು ಕಂಡಿತು. ಡೈರಿ ಬರೆಯುವಷ್ಟು ಓದು, ಬಿಡುವು ಇದ್ದವರು ಯಾರು ಅನ್ನೋ ಪ್ರಶ್ನೆ ಆಗಲೂ ಉಳಿಯುತ್ತೆ, ಅದನ್ನೂ ಮರೆಯಬಾರದು.

ಅಕ್ಷರ ಬಾರದವರ ಕಡೆಯಿಂದ ಒಂದು ದಾಖಲೆ ಇದೆ. ಲಂಡನ್ನಿನಲ್ಲಿ ಥಾಮಸ್ ಕೋರಮ್ ಕಟ್ಟಿಸಿದ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥಾಲಯ 1741ರಲ್ಲಿ ಮಕ್ಕಳನ್ನು ತೆಗೆದುಕೊಳ್ಳಲು ಶುರುಮಾಡಿತು. ಸಾಕಲಾಗದ ತಾಯಂದಿರು ಕೂಸನ್ನು ತಂದು ಬಿಡುತ್ತಿದ್ದರು. ತಾಯಿಯ ಹೆಸರು ಬರೆದುಕೊಳ್ಳುತ್ತಿರಲಿಲ್ಲ, ಮಗುವಿಗೂ ಬೇರೆ ಹೆಸರು ಇಡುತ್ತಿದ್ದರು. ಮುಂದೆ ವಾಪಸ್ ಕೇಳಿಕೊಂಡು ಬಂದರೆ ಗುರುತು ಸಿಗಲಿ ಎಂದು ಮಗುವಿನ ಅಥವಾ ತಾಯಿಯ ಬಟ್ಟೆಯ ಒಂದು ಚೂರನ್ನು ನೋಂದಣಿ ಹಾಳೆಗೆ ಪಿನ್ ಮಾಡಿಡುತ್ತಿದ್ದರು. ಅಂಥ ಸುಮಾರು 5,000 ಚೂರುಗಳು ಇವತ್ತಿಗೂ ಲಂಡನ್ನಿನ ದಾಖಲೆ ಭಂಡಾರದಲ್ಲಿವೆ. ಹೂವಿನ ಅಚ್ಚಿನ ಹತ್ತಿ ಬಟ್ಟೆ, ರಿಬ್ಬನ್ನು, ತೋಳಿನ ತುದಿ. ಸಾರಾ ಬೆಂಡರ್ ಎಂಬ ತಾಯಿ ತೇಪೆ ಸೇರಿಸಿ ಹೊಲಿದ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹೃದಯದ ಆಕಾರ ಹಾಕಿ, ಸರಿಯಾಗಿ ನಡುವೆ ಕತ್ತರಿಸಿ, ಅರ್ಧ ಮಗುವಿನ ಜೊತೆ ಬಿಟ್ಟು ಅರ್ಧ ತಾನು ಇಟ್ಟುಕೊಂಡಳು. ಅದು 1767. 1775ರಲ್ಲಿ ಅದೇ ಅರ್ಧ ಹಿಡಿದುಕೊಂಡು ಬಂದು ಮಗನನ್ನು ಕರೆದುಕೊಂಡು ಹೋದಳು. ಎಂಟು ವರ್ಷ ಒಂದು ಬಟ್ಟೆ ಚೂರನ್ನು ಕಳೆಯದೆ ಇಟ್ಟುಕೊಳ್ಳೋದು ಅಂದರೆ ಏನು ಅಂತ ಮನೆ ಬದಲಾಯಿಸಿದವರಿಗೆಲ್ಲ ಗೊತ್ತು. ಹೀಗೆ ಮಗು ವಾಪಸ್ ಸಿಕ್ಕವರು ತೀರಾ ಕಡಿಮೆ. 1760ರವರೆಗೆ ಬಂದ 16,282 ಮಕ್ಕಳಲ್ಲಿ ಮನೆಗೆ ಮರಳಿದ್ದು 152.

ಇನ್ನು ಅಜ್ಜಿಯ ಒಂದು ಸಾಲು. ಚಾರ್ಲ್ಸ್ ಡಾರ್ವಿನ್ ಮಗಳು ಆ್ಯನಿ ಹತ್ತು ವರ್ಷದವಳಾಗಿದ್ದಾಗ, 1851ರ ಏಪ್ರಿಲ್ 23ರಂದು ತೀರಿಕೊಂಡಳು. ಅಪ್ಪ ಹತ್ತಿರ ಇದ್ದರು. ತಾಯಿ ಎಮ್ಮಾ ತುಂಬು ಗರ್ಭಿಣಿ, ದೂರದ ಮನೆಯಲ್ಲಿ ಕಾಗದಕ್ಕೆ ಕಾಯುತ್ತಿದ್ದರು. ಒಂದು ವಾರಕ್ಕೆ ಡಾರ್ವಿನ್ ಮಗಳ ಬಗ್ಗೆ ಪುಟಗಟ್ಟಲೆ ಬರೆದರು, ಅದು ಎಲ್ಲರಿಗೂ ಗೊತ್ತು. ಎಮ್ಮಾ ಡೈರಿಯಲ್ಲಿ ಆ ದಿನ ಇರುವುದು ಹೊತ್ತು ಮಾತ್ರ, 12 ಗಂಟೆ ಅಂತ. ಇಷ್ಟನ್ನೇ ನೋಡಿದವರು ಅಪ್ಪನಿಗೆ ಪ್ರೀತಿ ಜಾಸ್ತಿ ಅಂದುಬಿಡಬಹುದು. ಆದರೆ ಆ್ಯನಿಯ ಬರೆಯುವ ಪೆಟ್ಟಿಗೆಯಲ್ಲಿ ಅವಳ ಸಣ್ಣಪುಟ್ಟ ಸಾಮಾನುಗಳನ್ನೆಲ್ಲ ತೆಗೆದಿಟ್ಟವರು ಎಮ್ಮಾ. ತಲೆಮಾರುಗಳು ದಾಟಿದ ಮೇಲೆ ಅದೇ ವಂಶದ ಒಬ್ಬರ ಕೈಗೆ ಅದು ಸಿಕ್ಕಿತು.

ಅಜ್ಜಿಯ ಡೈರಿಯನ್ನು ಒಂದೇ ಸಾಲಿಗೆ ಬಿಡಬೇಡಿ. ಮುಂದಿನ ವರ್ಷ ಅದೇ ತಾರೀಖಿನಲ್ಲಿ ಏನಿದೆ ನೋಡಿ. ಆಮೇಲೆ ಹುಟ್ಟಿದ ಮಗುವಿಗೆ ಅದೇ ಹೆಸರಿಟ್ಟಿದ್ದಾರಾ? ಅಜ್ಜಿಯ ಪೆಟ್ಟಿಗೆಯಲ್ಲಿ ಯಾರದೂ ಅಲ್ಲದ ಒಂದು ಪುಟ್ಟ ಬಟ್ಟೆ ಇತ್ತಾ? ಮನೆಯ ಹಿರಿಯರನ್ನು ಕೇಳಿ.

ಪ್ರಶ್ನೆ: ಮಗಳು ಹೊಟ್ಟೆಯಲ್ಲಿದ್ದಾಗಿನ ಸ್ಕ್ಯಾನಿಂಗ್ ಫೋಟೊ ಮಾಸುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ?

ಉತ್ತರ: ಬೇಡವೇ ಬೇಡ! ಸ್ಕ್ಯಾನಿಂಗ್ ಚಿತ್ರ ಸಾಮಾನ್ಯವಾಗಿ ಥರ್ಮಲ್ ಪೇಪರ್ ಮೇಲೆ ಬರುತ್ತೆ, ಅಂಗಡಿ ಬಿಲ್ಲಿನ ಕಾಗದದ ಜಾತಿಯದು. ಅದಕ್ಕೆ ಇಂಕೇ ಇಲ್ಲ, ಬಿಸಿ ತಾಗಿದ ಕಡೆ ಕಪ್ಪಾಗುವ ಲೇಪನ ಇರುತ್ತೆ. ಲ್ಯಾಮಿನೇಷನ್ ಮೆಷಿನ್ನಿನ ಬಿಸಿಗೆ ಇಡೀ ಚಿತ್ರವೇ ಕಪ್ಪಾಗಿಬಿಡಬಹುದು. ಬಿಸಿಲು, ಶಾಖ, ಕೆಲವು ಪ್ಲಾಸ್ಟಿಕ್ ಕವರುಗಳೂ ಅದಕ್ಕೆ ಆಗಲ್ಲ. ಇವತ್ತೇ 600 ಡಿಪಿಐನಲ್ಲಿ (ಅಂದರೆ ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಸ್ಕ್ಯಾನರ್ ಇಲ್ಲದಿದ್ದರೆ ಬೆಳಕು ಸಮನಾಗಿರುವ ಕಡೆ ನೇರವಾಗಿಟ್ಟು ಫೋಟೊ ತೆಗೆಯಿರಿ. ಒಳ್ಳೆ ಫೋಟೊ ಕಾಗದದ ಮೇಲೆ ಒಂದು ಪ್ರತಿ ಹಾಕಿಸಿ. ಮೂಲವನ್ನು ಕಾಗದದ ಲಕೋಟೆಯಲ್ಲಿ, ತಂಪಾದ ಕತ್ತಲು ಜಾಗದಲ್ಲಿಡಿ. ಅಂಟಿನ ಹಾಳೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಹಳೇ ಆಲ್ಬಮ್‌ಗಳ ಕಥೆಯೂ ಇದೇ, ವರ್ಷ ಕಳೆದ ಹಾಗೆ ಅಂಟು ಫೋಟೊವನ್ನೇ ಹಾಳುಮಾಡುತ್ತೆ.

ಪ್ರಶ್ನೆ: ಅತ್ತೆಯವರ ಡೈರಿ ನನಗೆ ಸಿಕ್ಕಿದೆ. ಕೊನೆಯ ಮಗು ತನಗೆ ಬೇಡವಾಗಿತ್ತು, ತೆಗೆಸಲು ನೋಡಿದೆ, ಆಗಲಿಲ್ಲ ಎಂದು ಬರೆದಿದ್ದಾರೆ. ಆ ಕೊನೆಯ ಮಗು ನನ್ನ ಗಂಡ. ಸುಟ್ಟುಬಿಡಲಾ?

ಉತ್ತರ: ಸುಡಬೇಡಿ. ಹಾಗಂತ ಇವತ್ತು ರಾತ್ರಿಯೇ ಗಂಡನ ಕೈಗೆ ಕೊಡಬೇಕು ಅಂತಲೂ ಇಲ್ಲ.

ಅತ್ತೆ ಬರೆದ ಮಾತನ್ನು ಲೆಕ್ಕವಿಲ್ಲದಷ್ಟು ತಾಯಂದಿರು ಮನಸ್ಸಲ್ಲೇ ಇಟ್ಟುಕೊಂಡಿದ್ದಾರೆ, ಬರೆದಿಟ್ಟವರು ಕಮ್ಮಿ. ಬ್ರಿಟನ್ನಿನ ವಿಮೆನ್ಸ್ ಕೋಆಪರೇಟಿವ್ ಗಿಲ್ಡ್ ಎಂಬ ಸಂಘ ತನ್ನ ಸದಸ್ಯೆಯರನ್ನು ಬಸಿರು ಬಾಣಂತನದ ಅನುಭವ ಬರೆದು ಕಳಿಸಿ ಎಂದು ಕೇಳಿ, 160 ಕಾಗದಗಳನ್ನು 1915ರಲ್ಲಿ ಅಚ್ಚು ಹಾಕಿಸಿತು. ದುಡಿಯುವ ಮನೆಗಳ ಹೆಂಗಸರು. ಮೇಲಿಂದ ಮೇಲೆ ಬಸಿರು, ಗರ್ಭಪಾತ, ನೋವು ಬರುವ ಹೊತ್ತಿನವರೆಗೂ ಕೆಲಸ, ಇನ್ನೊಂದು ಮಗು ಬೇಡ ಅನ್ನೋ ಬೇಸರ, ಎಲ್ಲ ಬಿಚ್ಚಿ ಬರೆದರು. ಸಂಘ ಹೆಸರುಗಳನ್ನು ಮುಚ್ಚಿಟ್ಟು, ಗಂಡನ ಕೂಲಿ ಎಷ್ಟು, ಮಕ್ಕಳೆಷ್ಟು ಅನ್ನೋದನ್ನು ಮಾತ್ರ ಕಾಗದದ ಜೊತೆ ಕೊಟ್ಟಿತು. ತಾಯಂದಿರ ಆರೈಕೆಗೆ ಸರ್ಕಾರ ದುಡ್ಡು ಹಾಕಬೇಕು ಅನ್ನೋ ಹೋರಾಟಕ್ಕೆ ಅದೇ ಪುಸ್ತಕ ಬಲ ಕೊಟ್ಟಿತು. ಆ ಕಾಗದಗಳನ್ನು ಓದಿದ ಯಾರಿಗೂ ಇವರು ಕೆಟ್ಟ ತಾಯಂದಿರು ಅನಿಸಲ್ಲ.

ಈಗ ಮಾಡಬಹುದಾದದ್ದು: ಡೈರಿಯನ್ನು ಲಕೋಟೆಗೆ ಹಾಕಿ ಮುಚ್ಚಿ, ಮೇಲೆ ಇದು ಯಾರದು, ಯಾವಾಗ ತೆರೆಯಬಹುದು ಎಂದು ಬರೆದಿಡಿ. ಮನೆಯಲ್ಲಿಡುವುದು ಬೇಡ ಅನಿಸಿದರೆ ಖಾಸಗಿ ಕಾಗದಪತ್ರ ತೆಗೆದುಕೊಳ್ಳುವ ಸಂಗ್ರಹಾಲಯಗಳಿವೆ, ಇಷ್ಟು ವರ್ಷ ಯಾರಿಗೂ ತೋರಿಸಬೇಡಿ ಎಂಬ ಷರತ್ತಿನ ಮೇಲೆ ಕೊಡಬಹುದು, ಅದನ್ನು ಬರಹದಲ್ಲೇ ಪಡೆಯಿರಿ. ಅಚ್ಚು ಹಾಕಿಸುವ ಯೋಚನೆ ಇದ್ದರೆ ಒಂದು ಗೊತ್ತಿರಲಿ, ಕಾಗದ ಕೈಯಲ್ಲಿದೆ ಅಂದ ಮಾತ್ರಕ್ಕೆ ಅದರಲ್ಲಿರುವ ಬರಹದ ಹಕ್ಕು ನಿಮ್ಮದಾಗಲ್ಲ. ಅದು ಬರೆದವರದು, ಅವರ ನಂತರ ವಾರಸುದಾರರದು. ಅಂದರೆ ಇಲ್ಲಿ ನಿಮ್ಮ ಗಂಡನನ್ನೂ ಸೇರಿಸಿ. ಅವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು. ನನ್ನನ್ನು ಕೇಳಿದರೆ, ಅದೇ ಡೈರಿಯಲ್ಲಿ ಆ ಮಗು ಹುಟ್ಟಿದ ಮೇಲೆ ಅತ್ತೆ ಏನು ಬರೆದಿದ್ದಾರೆ ಅನ್ನೋದನ್ನು ಪೂರ್ತಿ ಓದದೆ ಒಂದು ಪುಟ ಮಾತ್ರ ತೋರಿಸುವುದು ಇಬ್ಬರಿಗೂ ಅನ್ಯಾಯ.

ಪ್ರಶ್ನೆ: ನಾನು ಹೆಚ್ಚು ಓದಿದವಳಲ್ಲ. ನಾಲ್ಕು ಮಕ್ಕಳನ್ನು ಬೆಳೆಸಿದ್ದೇನೆ. ಬರೆದಿಡಬೇಕು ಅನಿಸುತ್ತೆ, ಕಾಗುಣಿತ ಸರಿ ಬರಲ್ಲ. ಯಾರು ಓದುತ್ತಾರೆ?

ಉತ್ತರ: ಇಟಲಿಯಲ್ಲಿ ಕ್ಲೇಲಿಯಾ ಮಾರ್ಕಿ ಎಂಬ ರೈತ ಮಹಿಳೆ ಇದ್ದರು. ಶಾಲೆಗೆ ಹೋಗಿದ್ದು ಸ್ವಲ್ಪವೇ. ಎಂಟು ಮಕ್ಕಳನ್ನು ಹೆತ್ತು ನಾಲ್ಕನ್ನು ಕಳೆದುಕೊಂಡವರು. 1972ರಲ್ಲಿ ಗಂಡ ಅಪಘಾತದಲ್ಲಿ ಹೋದ ಮೇಲೆ ರಾತ್ರಿ ನಿದ್ದೆ ಬರದೆ ಬರೆಯಲು ಕೂತರು. ಒಂದು ರಾತ್ರಿ ಕಾಗದ ಮುಗಿಯಿತು. ಬೀರುವಿನಿಂದ ಮದುವೆಯ ಜೋಡಿ ಹಾಸಿಗೆಯ ಬಿಳಿ ಹಾಸನ್ನೇ ತೆಗೆದರು, ಗಂಡನಿಲ್ಲದ ಮೇಲೆ ಅದು ಹೇಗೂ ಬಳಕೆಗಿಲ್ಲ ಅಂತ. ಅದರ ಮೇಲೆ ಸಾಲಿಗೆ ಸಂಖ್ಯೆ ಹಾಕಿ ಇಡೀ ಬದುಕನ್ನು ಬರೆದರು. ಕಾಗುಣಿತ ಎಲ್ಲ ಅವರದೇ. ಪಿಯೇವೆ ಸಾಂತೊ ಸ್ತೇಫಾನೊ ಎಂಬ ಪುಟ್ಟ ಊರಿನಲ್ಲಿ 1984ರಲ್ಲಿ ಶುರುವಾದ, ಸಾಮಾನ್ಯರ ಡೈರಿಗಳನ್ನೇ ಕೂಡಿಡುವ ಸಂಗ್ರಹಾಲಯದಲ್ಲಿ ಆ ಹಾಸು ಇದೆ. ಜನ ಅದನ್ನು ನೋಡಲೆಂದೇ ಅಲ್ಲಿಗೆ ಹೋಗುತ್ತಾರೆ.

ಬರೆಯಿರಿ. ತಾರೀಖು ಹಾಕಿ. "ಅವರು", "ಆ ಮನೆ" ಅನ್ನೋ ಬದಲು ಹೆಸರು ಹಾಕಿ. ಮಕ್ಕಳ ಕೈಗೆ ತಿದ್ದಲು ಕೊಡಬೇಡಿ.

ಪ್ರಶ್ನೆ: ನಮ್ಮ ಮಗುವಿನದು ಎಲ್ಲ ಫೋನಿನಲ್ಲೇ ಇದೆ, ಸಾವಿರಾರು ಫೋಟೊ. ಏನು ಉಳಿಸಬೇಕು?

ಉತ್ತರ: ಎಲ್ಲ ಉಳಿಸಿದರೂ ಮುಂದೆ ಯಾರೂ ನೋಡಲ್ಲ. ತಿಂಗಳಿಗೆ ಹತ್ತಿಪ್ಪತ್ತು ಆರಿಸಿ, ಬೇರೆ ಫೋಲ್ಡರಿಗೆ ಹಾಕಿ, ಫೈಲಿನ ಹೆಸರಿನಲ್ಲಿ ತಾರೀಖು ಮತ್ತು ಯಾರಿದ್ದಾರೆ ಅನ್ನೋದು ಇರಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿ ಕುಗ್ಗಿರುತ್ತೆ, ಮೂಲ ಕೇಳಿ ಪಡೆಯಿರಿ. ಮೂರು ಕಡೆ ಇಡಿ, ಒಂದು ಮನೆಯಿಂದ ಹೊರಗೆ. ನಗು ಮುಖವೇ ಬೇಕಂತಿಲ್ಲ. ರಾತ್ರಿ ಮೂರು ಗಂಟೆಗೆ "ಇನ್ನೂ ಮಲಗಿಲ್ಲ, ನೀವು ಬೇಗ ಬನ್ನಿ" ಎಂದು ಗಂಡನಿಗೆ ಕಳಿಸಿದ ಮೆಸೇಜು ಫೋಟೊಗಿಂತ ಜಾಸ್ತಿ ಹೇಳುತ್ತೆ. ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಪ್ರಶ್ನೆ: ತಾತ ಲೇಖಕರು. ಅವರ ಹಸ್ತಪ್ರತಿಗಳನ್ನು ಒಂದು ಗ್ರಂಥಾಲಯ ಕೇಳಿದೆ. ಆದರೆ ಅಮ್ಮ ಚಿಕ್ಕವಳಿದ್ದಾಗ ಅದರ ಹಿಂಬದಿಯಲ್ಲೆಲ್ಲ ಬಣ್ಣದ ಪೆನ್ಸಿಲ್ಲಿನಿಂದ ಗೀಚಿದ್ದಾಳೆ. ಕೊಡೋ ಮುಂಚೆ ಅಳಿಸಿಬಿಡಲಾ?

ಉತ್ತರ: ಡಾರ್ವಿನ್ ಮನೆಯವರು ಮತ್ತೆ ಬಂದರು, ಏನು ಮಾಡೋದು. ಜೀವವಿಕಾಸದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಆ ದೊಡ್ಡ ಪುಸ್ತಕದ ಕರಡು ಹಾಳೆಗಳಲ್ಲಿ ಬಹುಪಾಲು ಕಳೆದುಹೋಗಿವೆ. ಉಳಿದಿರುವ ಬೆರಳೆಣಿಕೆಯ ಹಾಳೆಗಳಲ್ಲಿ ಹಲವು ಉಳಿದಿದ್ದೇ ಹಿಂಬದಿಯಲ್ಲಿ ಮಕ್ಕಳು ಚಿತ್ರ ಬರೆದಿದ್ದರು ಎಂಬ ಕಾರಣಕ್ಕೆ. ಹಣ್ಣು, ತರಕಾರಿ ಸೈನಿಕರು ಯುದ್ಧ ಮಾಡುವ ಒಂದು ಬಣ್ಣದ ಚಿತ್ರವೂ ಇದೆ. ವಿಜ್ಞಾನಿಯ ಕರಡು ಕಸಕ್ಕೆ ಹೋಯಿತು, ಮಕ್ಕಳ ಚಿತ್ರ ಅಂತ ಮನೆಯವರು ಎತ್ತಿಟ್ಟಿದ್ದು ಉಳಿಯಿತು. ರಬ್ಬರ್ ಮುಟ್ಟಬೇಡಿ. ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಂಡು ಹಾಗೇ ಕೊಡಿ, ಗ್ರಂಥಾಲಯದವರ ಪಟ್ಟಿಯಲ್ಲಿ ತಾತನ ಹೆಸರಿನ ಜೊತೆ ನಿಮ್ಮ ಅಮ್ಮನ ಹೆಸರು, ಆಗಿನ ವಯಸ್ಸು ಎರಡನ್ನೂ ಬರೆಸಿ.